ಪಹಣಿಯಲ್ಲಿ ಹೆಸರಿಲ್ಲದವರಿಗೆ ಕೃಷಿ ನೀತಿಯಲ್ಲಿ ಜಾಗ ಎಲ್ಲಿದೆ?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಅಕ್ಕಡಿ ಸಾಲು

2007ರ ರಾಷ್ಟ್ರೀಯ ರೈತರ ನೀತಿಯು ರೈತ ಯಾರೆಂಬುದನ್ನು ಬಹಳ ಉದಾರವಾಗಿ ವಿವರಿಸಿದೆ. ಜಮೀನಿನ ಒಡೆಯರಷ್ಟೇ ಅಲ್ಲದೆ ಗೇಣಿದಾರರು, ಪಾಲಿಗೆ ಮಾಡುವವರು, ಕೃಷಿ ಕೂಲಿಕಾರರು, ದನ-ಕುರಿ-ಕೋಳಿ ಸಾಕುವವರು, ಮೀನುಗಾರರು, ಜೇನು ಸಾಕುವವರು, ಅಲೆಮಾರಿ ಪಶುಪಾಲಕರು, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಆದಿವಾಸಿ ಕುಟುಂಬಗಳು ಎಲ್ಲರೂ ಆ ವಿವರಣೆಯೊಳಗೆ ಬರುತ್ತಾರೆ. ಎಂ.ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗವು 2004ರಿಂದ 2006ರ ನಡುವೆ ಸಲ್ಲಿಸಿದ ಐದು ವರದಿಗಳೇ ಅದಕ್ಕೆ ಆಧಾರ.

ಆದರೆ ಆ ನೀತಿ ಬಂದ ಮೇಲೆ ಜಾರಿಯಾದ ದೊಡ್ಡ ಯೋಜನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಹಣ ಮತ್ತು ಸವಲತ್ತು ಬಹುಪಾಲು ಪಹಣಿಯ (ಜಮೀನಿನ ಒಡೆತನದ ದಾಖಲೆ) ಹಿಂದೆಯೇ ಹೋಗಿರುವುದು ಕಾಣುತ್ತದೆ. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್ ಯೋಜನೆ ಭೂಮಾಲೀಕ ಕುಟುಂಬಗಳಿಗಷ್ಟೇ ಸೀಮಿತ. ಬೆಳೆ ಸಾಲಕ್ಕೆ ಬ್ಯಾಂಕು ಮೊದಲು ಕೇಳುವುದು ಪಹಣಿ. ಬರ ಪರಿಹಾರ ಬಂದರೆ ಅದು ಜಮಾ ಆಗುವುದು ಪಹಣಿದಾರರ ಖಾತೆಗೆ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲಿ ಗೇಣಿದಾರರಿಗೂ ಅವಕಾಶವಿದೆಯಾದರೂ, ತಾನು ಗೇಣಿದಾರನೆಂದು ತೋರಿಸುವ ಕಾಗದ ಅವರ ಬಳಿ ಇರುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2019ರಲ್ಲಿ ನಡೆಸಿದ 77ನೇ ಸುತ್ತಿನಲ್ಲಿ ಸುಮಾರು ಶೇ 17ರಷ್ಟು ಹಿಡುವಳಿಗಳು ಗೇಣಿಗೆ ಪಡೆದವು ಎಂದು ಕಂಡುಬಂದಿತ್ತು. ಬಾಯಿಮಾತಿನ ಒಪ್ಪಂದಗಳನ್ನು ಸಮೀಕ್ಷೆಯವರ ಮುಂದೆ ಎಲ್ಲರೂ ಬಿಚ್ಚಿ ಹೇಳುವುದಿಲ್ಲವಾದ್ದರಿಂದ ವಾಸ್ತವದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರಬೇಕೆಂಬುದು ನನ್ನ ಅಭಿಪ್ರಾಯ.

ಎಲ್ಲರನ್ನೂ ಒಳಗೊಳ್ಳುವ ಪ್ರಶ್ನೆ ಮತ್ತು ಮಣ್ಣು-ನೀರು ಉಳಿಸುವ ಪ್ರಶ್ನೆ ಎರಡನ್ನೂ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುತ್ತಾ ಬಂದಿದ್ದೇವೆ. ಅವೆರಡೂ ಒಂದೇ ಎಂದು ನಾನು ತಿಳಿದಿದ್ದೇನೆ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ತಿಳಿಯದವನಿಗೆ ಆ ಹೊಲದ ಮಣ್ಣನ್ನು ಹತ್ತು ವರ್ಷ ಕಾಪಾಡು ಎಂದು ಯಾವ ನೀತಿಯೂ ಹೇಳಲಾರದು. ಹೊಸ ರಾಷ್ಟ್ರೀಯ ನೀತಿಯೊಂದು ರೂಪುಗೊಳ್ಳುವುದಾದರೆ ಮೊದಲ ತಿದ್ದುಪಡಿ ಎಲ್ಲಿ ಆಗಬೇಕು ಎಂಬುದರ ಬಗ್ಗೆ ತಿಳಿದವರು ಬರೆಯಬೇಕಾಗಿ ವಿನಂತಿ.

ತುಂಗಾತೀರ

ನಿಮ್ಮ ಕಾಳಜಿಯನ್ನು ಒಪ್ಪುತ್ತೇನೆ, ಆದರೆ ಜಮೀನು ಉಳ್ಳವರ ಮನಸ್ಸಿನಲ್ಲಿರುವ ಭಯವನ್ನೂ ಇಲ್ಲಿ ಹೇಳಲೇಬೇಕು. ಅದನ್ನು ದುರಾಸೆ ಎಂದು ತಳ್ಳಿಹಾಕಿದರೆ ಚರ್ಚೆ ಮುಂದೆ ಹೋಗುವುದಿಲ್ಲ.

ಕರ್ನಾಟಕದಲ್ಲಿ 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮೂಲಕ ಒಡೆಯನಾದ. ದೊಡ್ಡ ಜಮೀನುದಾರರಿಂದ ಬಿಡುಗಡೆ ಪಡೆದ ಸಾವಿರಾರು ಕುಟುಂಬಗಳಿಗೆ ಅದು ಹೊಸ ಬದುಕು ಕೊಟ್ಟಿತು. ಅದರ ಜೊತೆಗೆ, ಒಂದೆರಡು ಎಕರೆ ಇದ್ದ ವಿಧವೆಯರು, ದೂರದ ಊರಿನಲ್ಲಿ ಸಣ್ಣ ನೌಕರಿಯಲ್ಲಿದ್ದವರು ಕೂಡ ಭೂಮಿ ಕಳೆದುಕೊಂಡರು. ಆ ನೆನಪು ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇಂದಿಗೂ ಮಾಸಿಲ್ಲ. ಸೈನಿಕರಂಥ ಕೆಲವರಿಗೆ ಇರುವ ವಿನಾಯಿತಿ ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ಕಾಯ್ದೆಯಲ್ಲಿ ನಿಷೇಧವಿದೆ. ಹೀಗಿರುವಾಗ ಯಾವ ಮಾಲೀಕ ತಾನೇ ಕಾಗದಕ್ಕೆ ಸಹಿ ಹಾಕುತ್ತಾನೆ? ಬೀಳು ಬಿಟ್ಟರೂ ಸರಿ, ಬೇರೆಯವರ ಹೆಸರು ದಾಖಲೆಗೆ ಬರಬಾರದು ಎಂದು ನಿರ್ಧರಿಸಿದವರನ್ನು ನಾನು ಬಲ್ಲೆ. ಹೊಸ ನೀತಿ ಗೇಣಿದಾರನಿಗೆ ಹಕ್ಕು ಕೊಡುವ ಮಾತಾಡಿದಷ್ಟೂ ಭೂಮಿ ಹೆಚ್ಚು ಬೀಳು ಬೀಳುವ ಅಪಾಯವಿದೆ.

ಅಕ್ಕಡಿ ಸಾಲು

ತುಂಗಾತೀರ ಅವರೇ, ನೀವು ಹೇಳಿದ ಭಯ ನಿಜವಾದುದು, ಮತ್ತು ಪರಿಹಾರವೂ ಅಲ್ಲಿಂದಲೇ ಶುರುವಾಗಬೇಕು. ಒಡೆತನ ಬೇರೆ, ಈ ಹಂಗಾಮಿನಲ್ಲಿ ಈ ಹೊಲವನ್ನು ಸಾಗು ಮಾಡುತ್ತಿರುವವರು ಯಾರು ಎಂಬುದು ಬೇರೆ. ಎರಡನ್ನೂ ಒಂದೇ ದಾಖಲೆಯಲ್ಲಿ ಕಟ್ಟಿಹಾಕಿದ್ದರಿಂದಲೇ ಇಬ್ಬರಿಗೂ ತೊಂದರೆಯಾಗಿದೆ.

ನೀತಿ ಆಯೋಗವು 2016ರಲ್ಲಿ ಮಾದರಿ ಭೂ ಗುತ್ತಿಗೆ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಮಾಲೀಕನ ಒಡೆತನಕ್ಕೆ ಪೂರ್ಣ ರಕ್ಷಣೆ, ಗುತ್ತಿಗೆದಾರನಿಗೆ ಸಾಲ, ವಿಮೆ ಮತ್ತು ಪರಿಹಾರ ಸಿಗುವಂತೆ ಮಾನ್ಯತೆ ಎಂಬುದು ಅದರ ಸಾರ. ಆಂಧ್ರಪ್ರದೇಶ 2011ರಲ್ಲಿ ಪರವಾನಗಿ ಪಡೆದ ಸಾಗುವಳಿದಾರರ ಕಾಯ್ದೆಯನ್ನೂ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯನ್ನೂ ತಂದು, 11 ತಿಂಗಳ ಅವಧಿಯ ಕಾರ್ಡು ಕೊಡುವ ಕ್ರಮವನ್ನು ಮಾಡಿತು. ಆ ಕಾರ್ಡಿನಿಂದ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಆದರೆ 2019ರ ಕಾಯ್ದೆಯಲ್ಲಿ ಮಾಲೀಕರ ಸಹಿ ಬೇಕೆಂಬ ಷರತ್ತು ಇದ್ದುದರಿಂದ, ನೀವು ಹೇಳಿದ ಭಯವೇ ಅಲ್ಲೂ ಅಡ್ಡ ಬಂತು. ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀ ಬೇರೆಯದೇ ದಾರಿ ಹಿಡಿದಿದೆ. ಅಲ್ಲಿ ಮಹಿಳೆಯರ ಜಂಟಿ ಹೊಣೆಗಾರಿಕೆ ಗುಂಪುಗಳು ಬೀಳು ಬಿದ್ದ ಭೂಮಿಯನ್ನು ಗುತ್ತಿಗೆಗೆ ಪಡೆದು ಸಾಗು ಮಾಡುತ್ತವೆ. ಒಬ್ಬ ವ್ಯಕ್ತಿಯ ಹೆಸರಿನ ಬದಲು ಗುಂಪಿನ ಹೆಸರು ಇದ್ದಾಗ ಮಾಲೀಕರ ಆತಂಕ ಕಡಿಮೆಯಾಗುತ್ತದೆ.

ಖುಷ್ಕಿ ಭೂಮಿ

ಕೋರಿಗೆ (ಬೆಳೆಯ ಪಾಲಿಗೆ), ಲಾವಣಿಗೆ (ಗುತ್ತಿಗೆ ಹಣಕ್ಕೆ) ಹೊಲ ಮಾಡುವವರನ್ನು ಹತ್ತಿರದಿಂದ ನೋಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಕೆರೆಯ ಗೋಡು (ಹೂಳುಮಣ್ಣು) ಹೊಡೆಸುವುದು, ಬದು ಹಾಕಿಸುವುದು, ಕೃಷಿ ಹೊಂಡ ತೆಗೆಸುವುದು, ಬದುವಿನ ಮೇಲೆ ಹೊಂಗೆ-ಬೇವು ನೆಡುವುದು, ಇವೆಲ್ಲವೂ ಹಾಕಿದ ವರ್ಷವೇ ಪೂರ್ತಿ ಫಲ ಕೊಡುವ ಕೆಲಸಗಳಲ್ಲ. ಗೋಡು ಹೊಡೆದ ಹೊಲದಲ್ಲಿ ತೇವ ನಿಲ್ಲುವ ಗುಣ ಎಷ್ಟೋ ಮಳೆಗಾಲಗಳವರೆಗೆ ಉಳಿಯುತ್ತದೆ. ಹೊಲ ಚೆನ್ನಾಯಿತೆಂದರೆ ಮುಂದಿನ ವರ್ಷ ಲಾವಣಿಯೇ ಏರಬಹುದು ಅಥವಾ ಮಾಲೀಕರೇ ಬಿಡಿಸಿಕೊಳ್ಳಬಹುದು. ಹಾಗಾಗಿ ಪಾಲಿಗೆ ಮಾಡುವವನು ಯೂರಿಯಾ ಚೀಲಕ್ಕೆ ಕೈಹಾಕಿದರೆ ಅದು ಅವನ ಅಜ್ಞಾನವಲ್ಲ. ಕೃಷಿ ಇಲಾಖೆಯ ತರಬೇತಿಗಳಲ್ಲಿ ‘ರೈತರಿಗೆ ಅರಿವು ಮೂಡಿಸಬೇಕು’ ಎಂದು ಹೇಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಅರಿವು ಇದೆ, ಅವಧಿಯ ಭದ್ರತೆ ಇಲ್ಲ. ಆಂಧ್ರದ 11 ತಿಂಗಳ ಕಾರ್ಡು ಸಾಲಕ್ಕೆ ಸಾಕಾಗಬಹುದು, ಮಣ್ಣಿಗೆ ಸಾಲದು. ಕನಿಷ್ಠ ಮೂರು ವರ್ಷ, ಸಾಧ್ಯವಾದರೆ ಐದು ವರ್ಷದ ಅವಧಿಗೆ ಸರಳವಾದ ಕರಾರು ಇರಬೇಕು.

ಇನ್ನೊಂದು ವಿಷಯ. ದೇಶದ ಬಿತ್ತನೆ ಪ್ರದೇಶದ ಸುಮಾರು ಅರ್ಧದಷ್ಟು ಮಳೆಯಾಶ್ರಿತ, ಮತ್ತು ಮಳೆಯಾಶ್ರಿತ ಭೂಮಿ ಹೆಚ್ಚಾಗಿರುವ ರಾಜ್ಯಗಳಲ್ಲಿ ರಾಜಸ್ಥಾನ ಬಿಟ್ಟರೆ ನಮ್ಮ ಹೆಸರೇ ಬರುತ್ತದೆ. ಬೆಂಬಲ ಬೆಲೆಯನ್ನು 22 ಬೆಳೆಗಳಿಗೆ ಘೋಷಿಸಲಾಗುತ್ತದೆ, ಆದರೆ ದೊಡ್ಡ ಪ್ರಮಾಣದ ಖರೀದಿ ನಡೆಯುವುದು ಭತ್ತ ಮತ್ತು ಗೋಧಿಯಲ್ಲಿ. ಬೆಂಬಲ ಬೆಲೆಗೆ ಸರ್ಕಾರಕ್ಕೆ ಮಾರುವ ರೈತರು ಶೇ 6ರಷ್ಟು ಮಾತ್ರ ಎಂದು ಆಹಾರ ನಿಗಮದ ಸುಧಾರಣೆಗಾಗಿ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಹೇಳಿತ್ತು. ರಾಗಿಯ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತದ್ದು 2,369 ರೂಪಾಯಿ. ಬರೀ ಅಂಕಿ ನೋಡಿದರೆ ರಾಗಿಯವರು ಸುಖವಾಗಿರಬೇಕು. ಖರೀದಿ ಕೇಂದ್ರ ತೆರೆಯುವುದು ತಡವಾದರೆ, ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂದು ಮಿತಿ ಹಾಕಿದರೆ, ಕೇಂದ್ರದಲ್ಲಿ ಪಹಣಿ ಕೇಳಿದರೆ ಆ ಬೆಲೆ ಪಾಲಿಗೆ ಮಾಡಿದವನ ಕೈಗೆ ಬರುವುದಿಲ್ಲ. ಕಣದಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಾನೆ.

ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದ ಜಿಲ್ಲೆಗಳಲ್ಲಿ ಜೋಳವನ್ನು ಪಡಿತರದಲ್ಲಿ ಕೊಡುವ ನಮ್ಮ ರಾಜ್ಯದ ಕ್ರಮವನ್ನು, 2017ರಲ್ಲಿ ಆರಂಭವಾದ ಒಡಿಶಾದ ಸಿರಿಧಾನ್ಯ ಮಿಷನ್ ಅನ್ನು ರಾಷ್ಟ್ರೀಯ ನೀತಿ ಮಾದರಿಯಾಗಿ ತೆಗೆದುಕೊಳ್ಳಬೇಕು. ಉಣ್ಣುವವರಿದ್ದರೆ ಬೆಳೆಯುವವರಿರುತ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಅದರ ಮೇಳಗಳು ನಗರಗಳಲ್ಲಿ ನಡೆದವು, ಖುಷ್ಕಿ (ಮಳೆಯಾಶ್ರಿತ) ಹೊಲದ ನವಣೆ-ಸಾಮೆಗೆ ಶಾಶ್ವತವಾದ ಖರೀದಿ ವ್ಯವಸ್ಥೆ ಮಾತ್ರ ಆಗಲಿಲ್ಲ.

ಬಿತ್ತನೆ ಬೀಜ

ಇಷ್ಟು ಹೊತ್ತೂ ‘ಅವನು’, ‘ಮಾಲೀಕ’, ‘ಗೇಣಿದಾರ’ ಎಂದೇ ಮಾತು ನಡೆದಿದೆ. ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲು ಕೃಷಿಯಲ್ಲಿದ್ದಾರೆ. 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರೆಂದು ದಾಖಲಾದ ಮಹಿಳೆಯರು ಸುಮಾರು ಶೇ 14 ಮಾತ್ರ. ಬೀಜ ಆರಿಸುವುದು, ನಾಟಿ, ಕಳೆ, ಕೊಯ್ಲು, ದನಕರುಗಳ ಆರೈಕೆ ಎಲ್ಲದರಲ್ಲೂ ಇರುವ ಹೆಣ್ಣು ಸರ್ಕಾರದ ಕಡತದಲ್ಲಿ ‘ರೈತನ ಹೆಂಡತಿ’ ಆಗಿಯೇ ಉಳಿದಿದ್ದಾಳೆ.

ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, ಕೇಂದ್ರದ ಹಿಂದೂ ಉತ್ತರಾಧಿಕಾರ ತಿದ್ದುಪಡಿ 2005ರಲ್ಲಿ ಬಂತು. ಕಾನೂನು ಇದ್ದರೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಹೋಗಿಲ್ಲ. ಅದಕ್ಕಿಂತ ಹತ್ತಿರದ ಸಂಕಟವೆಂದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ಗಂಡ ತೀರಿಕೊಂಡ ಮೇಲೆ, ಖಾತೆ ಇನ್ನೂ ಮಾವನ ಹೆಸರಿನಲ್ಲೇ ಇದ್ದರೆ, ಮೈದುನರೆಲ್ಲ ಒಪ್ಪಿ ವಂಶವೃಕ್ಷ ಮಾಡಿಸಿ ಖಾತೆ ಬದಲಾಗುವವರೆಗೆ ಆಕೆಗೆ ಬೆಳೆ ಸಾಲವೂ ಇಲ್ಲ, ವಿಮೆಯೂ ಇಲ್ಲ. ಸಾಲದ ಬಾಧೆಗೆ ಗಂಡನನ್ನು ಕಳೆದುಕೊಂಡ ಮನೆಗಳಲ್ಲಿ ಈ ಕಾಯುವಿಕೆ ಎಷ್ಟು ಕ್ರೂರ ಎಂಬುದನ್ನು ವಿವರಿಸಬೇಕಾಗಿಲ್ಲ.

ಸ್ವಾಮಿನಾಥನ್ ಅವರು ರಾಜ್ಯಸಭಾ ಸದಸ್ಯರಾಗಿದ್ದಾಗ ಮಹಿಳಾ ರೈತರ ಹಕ್ಕುಗಳ ಕುರಿತು ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಜಮೀನು ಹೆಸರಿನಲ್ಲಿ ಇರಲಿ, ಇಲ್ಲದಿರಲಿ, ಕೃಷಿಯಲ್ಲಿ ದುಡಿಯುವ ಮಹಿಳೆಗೆ ಗ್ರಾಮಸಭೆಯ ಒಪ್ಪಿಗೆಯೊಂದಿಗೆ ಗ್ರಾಮ ಪಂಚಾಯಿತಿಯೇ ‘ಮಹಿಳಾ ರೈತ’ ಎಂಬ ಪ್ರಮಾಣಪತ್ರ ಕೊಡಬೇಕು ಎಂಬುದು ಅದರಲ್ಲಿತ್ತು. 2013ರಲ್ಲಿ ಆ ಮಸೂದೆ ಬಿದ್ದುಹೋಯಿತು. ಹೊಸ ನೀತಿ ಮೊದಲು ಎತ್ತಿಕೊಳ್ಳಬೇಕಾದ ಕಾಗದ ಅದೇ. ಪಾಲಿಗೆ ಮಾಡುವವರ ಸಮಸ್ಯೆಗೂ ಅದೇ ಕ್ರಮ ಹೊಂದುತ್ತದೆ, ಏಕೆಂದರೆ ಯಾರ ಹೊಲದಲ್ಲಿ ಯಾರು ದುಡಿಯುತ್ತಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಲೆಕ್ಕದ ಪುಸ್ತಕ

ಹಣದ ಕಡೆಯಿಂದ ನೋಡೋಣ. 2022-23ರಲ್ಲಿ ಕೇಂದ್ರ ಸರ್ಕಾರದ ರಸಗೊಬ್ಬರ ಸಬ್ಸಿಡಿ 2.5 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಮಿಷನ್‌ಗೆ ಇಟ್ಟ ಮೊತ್ತ 2,481 ಕೋಟಿ. ಒಂದು ವರ್ಷದ ವೆಚ್ಚವೊಂದನ್ನೂ ಕೆಲವು ವರ್ಷಗಳ ಮಿಷನ್ ಒಂದನ್ನೂ ಹೋಲಿಸುವುದು ಪೂರ್ತಿ ಸರಿಯಲ್ಲ, ಆದರೂ ಸರ್ಕಾರದ ಒಲವು ಎತ್ತ ಎಂಬುದು ಸ್ಪಷ್ಟವಾಗಿದೆ.

2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಸಡಿಲಿಸಿ ಯೂರಿಯಾವನ್ನು ಮಾತ್ರ ಹೊರಗಿಡಲಾಯಿತು. 45 ಕಿಲೋ ಯೂರಿಯಾ ಚೀಲಕ್ಕೆ ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿ, ರಂಜಕವಿರುವ ಡಿಎಪಿ ಗೊಬ್ಬರದ 50 ಕಿಲೋ ಚೀಲಕ್ಕೆ 1,350 ರೂಪಾಯಿ. ಈ ಅಂತರ ಇರುವವರೆಗೆ ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಅನುಪಾತದಲ್ಲಿರಬೇಕೆಂದು ಹೇಳುವ ಮಾತು ಗೋಡೆಯ ಫಲಕದಲ್ಲೇ ಉಳಿಯುತ್ತದೆ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನ ಶಿಫಾರಸಿಗೂ ಅಂಗಡಿಯಲ್ಲಿ ಸಿಗುವ ಬೆಲೆಗೂ ಸಂಬಂಧವೇ ಇಲ್ಲ.

ಇಲ್ಲಿಯೂ ಒಳಗೊಳ್ಳುವಿಕೆಯ ಪ್ರಶ್ನೆಯೇ ಎದುರಾಗುತ್ತದೆ. ಸಬ್ಸಿಡಿ ಚೀಲದ ಜೊತೆ ಹೋಗುವುದರಿಂದ ಹೆಚ್ಚು ಚೀಲ ಕೊಂಡವರಿಗೆ ಹೆಚ್ಚು ಹಣ. ನೀರಾವರಿಯ ದೊಡ್ಡ ಹಿಡುವಳಿಗೆ ಅದರ ಸಿಂಹಪಾಲು, ಅಕ್ಕಡಿ (ಮಿಶ್ರ ಬೆಳೆ) ಬೆಳೆದು ಕೊಟ್ಟಿಗೆ ಗೊಬ್ಬರ ಹಾಕುವ ಖುಷ್ಕಿ ಕುಟುಂಬಕ್ಕೆ ಬಹುತೇಕ ಏನೂ ಇಲ್ಲ. ಮಣ್ಣನ್ನು ಕಡಿಮೆ ದಣಿಸಿದವರಿಗೆ ಎಕರೆ ಲೆಕ್ಕದಲ್ಲಿ ನೇರ ನೆರವು ಕೊಡುವ ಕಡೆಗೆ ಹಂತ ಹಂತವಾಗಿ ಸಾಗಬೇಕು. ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟ ನಮ್ಮ ರಾಜ್ಯದ ರೈತ ಸಿರಿ ಯೋಜನೆ ಅಂಥದೊಂದು ಸಣ್ಣ ಹೆಜ್ಜೆಯಾಗಿತ್ತು.

ತುಂಗಾತೀರ

ಹಂತ ಹಂತವಾಗಿ ಎಂಬ ನಿಮ್ಮ ಮಾತಿಗೆ ಅಡಿಗೆರೆ ಹಾಕುತ್ತೇನೆ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು, ಭತ್ತ ಮತ್ತು ಚಹಾ ಎರಡಕ್ಕೂ ಏಟು ಬಿತ್ತು, ಅದೇ ವರ್ಷ ನವೆಂಬರ್‌ನಲ್ಲಿ ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಹೊಡೆತವನ್ನು ತಿಂದವರು ಸಣ್ಣ ರೈತರು. ಪಂಜಾಬ್ ಕೂಡ ಒಂದು ಪಾಠ. ಅಂತರ್ಜಲ ಉಳಿಸಲೆಂದು 2009ರಲ್ಲಿ ಭತ್ತದ ನಾಟಿಯನ್ನು ಜೂನ್ ಮಧ್ಯದ ಕಡೆಗೆ ಮುಂದೂಡುವ ಕಾಯ್ದೆ ತಂದರು. ಕೊಯ್ಲು ತಡವಾಯಿತು, ಗೋಧಿ ಬಿತ್ತನೆಗೆ ಸಮಯ ಸಾಲದೆ ಕೂಳೆ ಸುಡುವುದು ಹೆಚ್ಚಿತು. ಭತ್ತದ ಖಾತರಿ ಖರೀದಿ ಮತ್ತು ಉಚಿತ ವಿದ್ಯುತ್ ಎರಡನ್ನೂ ಹಾಗೆಯೇ ಇಟ್ಟುಕೊಂಡು ನಾಟಿಯ ದಿನಾಂಕವನ್ನಷ್ಟೇ ತಿದ್ದಿದ್ದರಿಂದ, ನೀರಿನ ಸಮಸ್ಯೆ ಉಳಿಯಿತು, ಹೊಗೆಯ ಸಮಸ್ಯೆ ಸೇರಿಕೊಂಡಿತು.

ಕುರಿಮಂದೆ

2007ರ ವಿವರಣೆಯಲ್ಲಿ ಪಶುಪಾಲಕರೂ ಇದ್ದಾರೆಂದು ಆರಂಭದಲ್ಲಿ ಓದಿ ಬರೆಯುತ್ತಿದ್ದೇನೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುವ ಪದ್ಧತಿ ಬಯಲುಸೀಮೆಯಲ್ಲಿ ಬಹಳ ಹಳೆಯದು. ಹೊಲದವರು ಕಾಳು ಅಥವಾ ಹಣ ಕೊಡುತ್ತಾರೆ, ಮಂದೆಯ ಹಿಕ್ಕೆ ಮತ್ತು ಗಂಜಲ ಮಣ್ಣಿಗೆ ಸೇರುತ್ತದೆ. ಗೊಬ್ಬರವನ್ನು ಗಾಡಿಯಿಲ್ಲದೆ, ಡೀಸೆಲ್ ಇಲ್ಲದೆ ಹೊಲದ ನಡುವೆಯೇ ತಂದುಕೊಡುವ ಈ ಕುರುಬರಿಗೆ ಯಾವ ಕೃಷಿ ಯೋಜನೆಯಲ್ಲಿ ಹೆಸರಿದೆ? ಗೋಮಾಳಗಳು ಮಂಜೂರಾಗಿ ಹೋದವು, ಅರಣ್ಯದಂಚಿಗೆ ಬೇಲಿ ಬಂತು, ನೀರಾವರಿ ಬಂದ ಕಡೆ ಹೊಲ ವರ್ಷವಿಡೀ ಖಾಲಿ ಇರುವುದಿಲ್ಲ. ಅಲೆಯುವ ದಾರಿಯಲ್ಲಿ ಕುರಿಗೆ ಲಸಿಕೆ ಬೇಕಾದರೆ ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ ಎಂಬ ಉತ್ತರ ಸಿಗುತ್ತದೆ. ಸುಸ್ಥಿರ ಕೃಷಿಗೆ ಇಡುವ ಹಣದಲ್ಲಿ ಮಂದೆ ನಿಲ್ಲಿಸಿದ್ದಕ್ಕೂ ಒಂದು ಪಾಲು ಸಿಗುವಂತಾಗಲಿ, ದಾರಿಯುದ್ದಕ್ಕೂ ಲಸಿಕೆ ಮತ್ತು ಕುಡಿಯುವ ನೀರು ಸಿಗಲಿ. ನಾವು ಕೇಳುವುದು ಇಷ್ಟೇ.

ಹೋಬಳಿ

ನೀತಿ ಏನು ಹೇಳಬೇಕು ಎಂಬಷ್ಟೇ ಮುಖ್ಯವಾದುದು ಅದನ್ನು ಯಾರನ್ನು ಕೇಳಿ ಬರೆಯುತ್ತಾರೆ ಎಂಬುದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ರಾಜ್ಯಪಟ್ಟಿಯ 14ನೇ ವಿಷಯ. ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ಆದರೂ 2020ರ ಜೂನ್‌ನಲ್ಲಿ ಮೂರು ಕೃಷಿ ಸುಗ್ರೀವಾಜ್ಞೆಗಳು ರಾಜ್ಯಗಳ ಜೊತೆ ಅಗತ್ಯವಾದ ಸಮಾಲೋಚನೆ ನಡೆಯದೆ ಬಂದವು, ಸೆಪ್ಟೆಂಬರ್‌ನಲ್ಲಿ ಕಾಯ್ದೆಗಳಾದವು, ದೆಹಲಿಯ ಗಡಿಗಳಲ್ಲಿ ವರ್ಷವಿಡೀ ನಡೆದ ಹೋರಾಟದ ನಂತರ 2021ರ ನವೆಂಬರ್‌ನಲ್ಲಿ ರದ್ದಾದವು. ಆ ಕಾಯ್ದೆಗಳ ಗುಣದೋಷಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಕೇಳದೆ ಬರೆದದ್ದು ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಎರಡೂ ಕಡೆಯವರು ಒಪ್ಪಬೇಕು.

ಕರಡು ಶಾಸನಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ತೀರ್ಮಾನ 2014ರಿಂದಲೇ ಇದೆ. ಆದರೆ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ಯಾರು ಓದುತ್ತಾರೆ? ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ 2020ರಲ್ಲಿ ಆದೇಶಿಸಿತ್ತು. ಕೃಷಿ ನೀತಿಗೂ ಅದೇ ನಿಯಮ ಇರಬೇಕು, ಮತ್ತು ಅಭಿಪ್ರಾಯ ಕೇಳುವ ಅವಧಿ ಬಿತ್ತನೆಯ ದಿನಗಳಲ್ಲಿ ಬರಬಾರದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದ ಡಿಜಿಟಲ್ ಕೃಷಿ ಮಿಷನ್ ಅಡಿಯಲ್ಲಿ 11 ಕೋಟಿ ರೈತರಿಗೆ ಗುರುತಿನ ಸಂಖ್ಯೆ ಕೊಡುವ ಗುರಿ ಇದೆ. ಆ ಸಂಖ್ಯೆ ಭೂದಾಖಲೆಗೆ ಜೋಡಣೆಯಾಗುತ್ತದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಿದ ನಮ್ಮ ರಾಜ್ಯಕ್ಕೆ ಇದರ ಅನುಕೂಲ ಚೆನ್ನಾಗಿ ಗೊತ್ತು. ಕೈಬರಹದ ಪಹಣಿಗಾಗಿ ಅಲೆದಾಡುವುದು ತಪ್ಪಿತು. ಆದರೆ ಪಹಣಿಯಲ್ಲಿ ಹೆಸರಿಲ್ಲದವರು ಗಣಕದಲ್ಲೂ ಬರಲಿಲ್ಲ. ಮುಂದೆ ಗೊಬ್ಬರ, ವಿಮೆ, ಖರೀದಿ ಎಲ್ಲವೂ ಈ ಒಂದು ಸಂಖ್ಯೆಯ ಮೇಲೆ ನಡೆಯುವುದಾದರೆ, ಇಂದು ಬಾಯಿಮಾತಿನಲ್ಲಾದರೂ ಸಿಗುತ್ತಿರುವ ಸಣ್ಣಪುಟ್ಟ ಅವಕಾಶಗಳೂ ಅವರಿಗೆ ತಪ್ಪಿಹೋಗುತ್ತವೆ. ವ್ಯವಸ್ಥೆ ಗಟ್ಟಿಯಾಗುವ ಮೊದಲೇ ಸಾಗುವಳಿದಾರರಿಗಾಗಿ ಬೇರೆ ಕಲಂ ಸೇರಿಸಬೇಕು.

ತುಂಗಾತೀರ

ಗ್ರಾಮಸಭೆಯ ಪ್ರಮಾಣಪತ್ರ ಎಂಬ ಸಲಹೆಯ ಬಗ್ಗೆ ಯೋಚಿಸಿದೆ. ಅದರಲ್ಲಿ ಸರ್ವೆ ನಂಬರ್ ಇಲ್ಲದೆ, ಇಂಥವರು ಇಂಥ ಊರಿನಲ್ಲಿ ಇಷ್ಟು ಎಕರೆ ಸಾಗು ಮಾಡುತ್ತಿದ್ದಾರೆ ಎಂದಷ್ಟೇ ಇದ್ದರೆ ನನ್ನಂಥವರ ಆಕ್ಷೇಪ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಒಂದೇ ಹೊಲದ ಬೆಳೆಗೆ ಮಾಲೀಕರೂ ಸಾಗುವಳಿದಾರರೂ ಇಬ್ಬರೂ ಸಾಲ, ವಿಮೆ ಪಡೆದರೆ ತಡೆಯುವವರು ಯಾರು?

ಅಕ್ಕಡಿ ಸಾಲು

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈಗಾಗಲೇ ನಮ್ಮ ರಾಜ್ಯದ ಬೆಳೆ ಸಮೀಕ್ಷೆಯಲ್ಲಿದೆ. ಪ್ರತಿ ಹಂಗಾಮಿನಲ್ಲೂ ಹೊಲಕ್ಕೆ ಹೋಗಿ ಚಿತ್ರ ತೆಗೆದು ಯಾವ ಬೆಳೆ ಇದೆ ಎಂದು ದಾಖಲಿಸುವ ವ್ಯವಸ್ಥೆ ನಡೆಯುತ್ತಿದೆ. ಅಲ್ಲಿ ಬೆಳೆಯ ಹೆಸರಿನ ಜೊತೆ ಬೆಳೆದವರ ಹೆಸರನ್ನೂ ಕೇಳಿದರೆ ಸಾಕು. ಆ ದಾಖಲೆಯನ್ನು ಬೆಳೆಗೆ ಸಂಬಂಧಿಸಿದ ವಿಮೆ, ಬರ ಪರಿಹಾರ ಮತ್ತು ಖರೀದಿಗೆ ಮಾತ್ರ ಬಳಸಬೇಕು. ಒಡೆತನದ ಯಾವ ವ್ಯಾಜ್ಯದಲ್ಲೂ ಅದನ್ನು ಸಾಕ್ಷ್ಯವೆಂದು ಪರಿಗಣಿಸಬಾರದೆಂದು ಕಾಯ್ದೆಯಲ್ಲೇ ಬರೆದಿಡಬೇಕು. ಬೆಳೆಯ ಮೇಲಿನ ವಿಮೆ ಒಬ್ಬರ ಹೆಸರಿನಲ್ಲಿ ದಾಖಲಾದರೆ ಅದೇ ಹೊಲಕ್ಕೆ ಎರಡನೆಯ ಅರ್ಜಿಯನ್ನು ಗಣಕವೇ ತಡೆಯುತ್ತದೆ. ಬೆಳೆ ಸಾಲಕ್ಕೂ ಇದೇ ಕ್ರಮ ಸಾಧ್ಯ, ಮಾಲೀಕರು ಜಮೀನಿನ ಅಡಮಾನದ ಮೇಲೆ ಪಡೆಯುವ ದೀರ್ಘಾವಧಿ ಸಾಲ ಮಾತ್ರ ಬೇರೆಯಾಗಿಯೇ ಇರಲಿ.

ಇದಕ್ಕೆ ರಾಜ್ಯದ ಭೂ ಸುಧಾರಣಾ ಕಾಯ್ದೆಯ ಐದನೇ ಕಲಂನಲ್ಲಿರುವ ಗೇಣಿ ನಿಷೇಧವನ್ನು ಸಣ್ಣ ಹಿಡುವಳಿಗಳ ಮಟ್ಟಿಗೆ ಸಡಿಲಿಸಬೇಕಾಗುತ್ತದೆ. 2020ರಲ್ಲಿ 79ಎ ಮತ್ತು 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟ ಶಾಸನಸಭೆಗೆ, ಈಗಾಗಲೇ ಉಳುತ್ತಿರುವವರಿಗೆ ಒಂದು ಕಾಗದ ಕೊಡುವ ತಿದ್ದುಪಡಿ ಕಷ್ಟವಾಗಬಾರದು. ಕೇಂದ್ರದ ನೀತಿ ಮಾಡಬೇಕಾದ ಕೆಲಸವೆಂದರೆ, ಹೀಗೆ ಸಾಗುವಳಿದಾರರನ್ನು ದಾಖಲಿಸಿದ ರಾಜ್ಯಗಳಿಗೆ ಪಿಎಂ ಕಿಸಾನ್ ಮತ್ತು ವಿಮೆಯ ಹಣವನ್ನು ಆ ದಾಖಲೆಯ ಆಧಾರದ ಮೇಲೆ ಹಂಚಲು ಅನುಮತಿ ಕೊಡುವುದು, ಮತ್ತು ಐದು ವರ್ಷದ ಕರಾರು ಮಾಡಿಕೊಂಡ ಹೊಲಗಳಿಗೆ ಗೋಡು, ಬದು, ಕೃಷಿ ಹೊಂಡದ ನೆರವನ್ನು ಮೊದಲು ತಲುಪಿಸುವುದು. ಕುರಿಮಂದೆ ಅವರು ಹೇಳಿದ ಮಂದೆ ನಿಲ್ಲಿಸುವ ಕೂಲಿಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಬಹುದು. ಬಿತ್ತನೆ ಬೀಜ ಅವರು ಹೇಳಿದಂತೆ ಬೆಳೆದವರ ಹೆಸರಿನ ಕಲಂನಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರೂ ಬರಬೇಕು. ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಆಕ್ಷೇಪಗಳನ್ನು ಅಲ್ಲೇ ಕೇಳಿ, ಮುಂಗಾರಿನ ವಿಮೆ ನೋಂದಣಿ ಮುಗಿಯುವ ಮೊದಲೇ ಅಂತಿಮಗೊಳಿಸಬೇಕು.